ಮನೆಯಿಂದಲೇ ತಿಂಗಳಿಗೆ ನಾಲ್ಕೈದು ಸಾವಿರ: ಖರ್ಚು ಕಳೆದು ಕೈಯಲ್ಲಿ ನಿಲ್ಲುವುದೆಷ್ಟು?

ಠಾಕುರ್ಲಿಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈ ಬಳಿಯ ಠಾಕುರ್ಲಿಯಲ್ಲಿ, ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ. ಯಜಮಾನರು ದಿನವೂ ಲೋಕಲ್ ಹಿಡಿದು ಘಾಟ್ಕೋಪರಿಗೆ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು ನವೀಕರಿಸುವಾಗ ಬಾಡಿಗೆ ಏರುತ್ತದೆ. ಸಂಬಳ ಮಾತ್ರ ತನಗೆ ಮನಸ್ಸು ಬಂದಾಗ ಏರುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನನಗೆ ಬಿಡುವಿರುವುದರಿಂದ, ತಿಂಗಳಿಗೆ ನಾಲ್ಕೈದು ಸಾವಿರವಾದರೂ ಸಂಪಾದಿಸಬೇಕೆಂದಿದ್ದೇನೆ.

ಧಾರವಾಡದ ಕಡೆಯ ಅಡುಗೆ ನನಗೆ ಚೆನ್ನಾಗಿ ಬರುತ್ತದೆ, ಹೊಲಿಗೆ ತಕ್ಕಮಟ್ಟಿಗೆ ಬರುತ್ತದೆ, ಕನ್ನಡ ಸಾಹಿತ್ಯದಲ್ಲಿ ಬಿ.ಎ. ಆಗಿದೆ. ಬಂಡವಾಳವಾಗಿ ಹತ್ತು ಸಾವಿರಕ್ಕಿಂತ ಹೆಚ್ಚು ಹಾಕುವ ಶಕ್ತಿಯಿಲ್ಲ. ಸ್ವತಃ ಮಾಡಿ ನೋಡಿದವರು ಹೇಳಿದರೆ ಉಪಕಾರವಾಗುತ್ತದೆ. ಚಹಾ ಬಿಟ್ಟರೆ ಹಣ ಉಳಿಯುತ್ತದೆ ಎಂಬ ಉಪದೇಶವೊಂದನ್ನು ದಯವಿಟ್ಟು ಮಾಡಬೇಡಿ.

ಮುಲುಂಡಿನ ಸಾರಿನಪುಡಿ

ತಂಗಿ, ನಾನು ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳನ್ನು ಮಾಡಿ ಮಾರುತ್ತೇನೆ. ಶೇಂಗಾ ಚಟ್ನಿಪುಡಿಯನ್ನು ಕಿಲೋಗೆ 450 ರೂಪಾಯಿಯಂತೆ ಕೊಡುತ್ತೇನೆ. ಶೇಂಗಾ, ಮೆಣಸಿನಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲ ಸೇರಿ ಸುಮಾರು 220 ರೂಪಾಯಿ ಆಗುತ್ತದೆ. ಪೊಟ್ಟಣ, ಚೀಟಿ, ಗ್ಯಾಸ್, ಮಿಕ್ಸರ್‌ಗಳಿಗೆಂದು ಮತ್ತೆ 30 ರೂಪಾಯಿ ಹಿಡಿಯಿರಿ. ಕಿಲೋಗೆ 200 ರೂಪಾಯಿ ಉಳಿಯಿತು ಎಂದಾಯಿತು. ಒಂದು ಮಧ್ಯಾಹ್ನದಲ್ಲಿ ನಾಲ್ಕು ಕಿಲೋ ಮಾಡಬಹುದು.

ಕೇಳಲು ಇದು ಬಹಳ ಚೆನ್ನಾಗಿದೆ. ಆದರೆ ಆ ನಾಲ್ಕು ಕಿಲೋವನ್ನು ಕಾಲು ಕಿಲೋದ ಹದಿನಾರು ಪೊಟ್ಟಣಗಳಾಗಿ ಮಾಡಿ, ಹದಿನಾರು ಮನೆಗಳಿಗೆ ತಲುಪಿಸಿ, ಅದರಲ್ಲಿ ಐದಾರು ಮನೆಯವರು "ಆಮೇಲೆ ಕಳಿಸುತ್ತೇನೆ" ಎಂದ ಹಣವನ್ನು ಬೆನ್ನು ಹತ್ತಿ ವಸೂಲು ಮಾಡುವ ಕೆಲಸವಿದೆಯಲ್ಲ, ಅದು ಹುರಿದು ಕುಟ್ಟುವುದಕ್ಕಿಂತ ಕಠಿಣವಾದದ್ದು. ಈಗ ನಾನು ಉದ್ರಿ ಕೊಡುವುದನ್ನೇ ನಿಲ್ಲಿಸಿದ್ದೇನೆ. ಹಣ ಬಂದ ಮೇಲೆಯೇ ಪೊಟ್ಟಣ ಕಟ್ಟುತ್ತೇನೆ. ಕೆಲವರು ಬೇಸರಿಸಿಕೊಂಡು ದೂರವಾದರು, ಉಳಿದವರು ಸರಿಯಾಗಿ ಕೊಡುತ್ತಿದ್ದಾರೆ.

ನಿವೃತ್ತ ಗುಮಾಸ್ತ

ಮೇಲಿನ ಲೆಕ್ಕದಲ್ಲಿ ನಿಮ್ಮ ದುಡಿಮೆಯ ಬೆಲೆ ಎಲ್ಲಿದೆ? ಆ ನಾಲ್ಕು ಕಿಲೋಗೆ ಉಳಿದ 800 ರೂಪಾಯಿಯನ್ನು ಪೇಟೆಗೆ ಹೋಗಿ ಸಾಮಾನು ತಂದ ವೇಳೆ, ಹುರಿದು ಪುಡಿ ಮಾಡಿದ ವೇಳೆ, ಮನೆಮನೆಗೆ ಹಂಚಿದ ವೇಳೆ ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಗಂಟೆಗೆ 80 ರೂಪಾಯಿಯೂ ಬೀಳಲಾರದು. ನಾನು ಬೇಡವೆನ್ನುತ್ತಿಲ್ಲ. ಲೆಕ್ಕ ಬರೆಯುವಾಗ ಈ ಅಂಕಣವನ್ನೂ ಬರೆಯಿರಿ ಎನ್ನುತ್ತಿದ್ದೇನೆ, ಏಕೆಂದರೆ ಹೆಂಗಸರ ಮನೆಗೆಲಸದ ವೇಳೆಯನ್ನು ಪುಕ್ಕಟೆ ಎಂದು ಭಾವಿಸಿದಾಗ ಯಾವ ಉದ್ಯೋಗವೂ ಲಾಭದ್ದಾಗಿಯೇ ಕಾಣುತ್ತದೆ.

ಮುಲುಂಡಿನ ಸಾರಿನಪುಡಿ

ರಾಯರೇ, ಗಂಟೆಗೆ 80 ರೂಪಾಯಿಯಾದರೂ ಅದು ನನ್ನ ಕೈಗೆ ಬರುತ್ತದೆ. ಅದೇ ಮಧ್ಯಾಹ್ನ ನಾನು ಮಲಗಿದ್ದರೆ ಯಾರೂ ಏನೂ ಕೊಡುತ್ತಿರಲಿಲ್ಲ. ಮುಲುಂಡಿನಿಂದ ಅಂಧೇರಿಗೆ ಹೋಗಿ ದುಡಿಯುವ ಹುಡುಗಿಯ ಸಂಬಳವನ್ನು ಆಕೆ ಪ್ರಯಾಣದಲ್ಲಿ ಕಳೆಯುವ ವೇಳೆಯನ್ನೂ ಸೇರಿಸಿ ಒಮ್ಮೆ ಭಾಗಿಸಿ ನೋಡಿ, ಆಮೇಲೆ ನನ್ನ ಚಟ್ನಿಪುಡಿಯ ಮಾತಿಗೆ ಬನ್ನಿ.

ಐರೋಲಿಯ ಲೆಕ್ಕಿಗ

ಇಬ್ಬರದೂ ಸರಿಯಾದ ಮಾತೇ. ನಾನು ಬೇರೆ ಎರಡು ವಿಷಯಗಳನ್ನು ಹೇಳಬೇಕಾಗಿದೆ. ಮನೆಯಲ್ಲಿ ತಿಂಡಿ, ಪುಡಿ, ಉಪ್ಪಿನಕಾಯಿ ಏನೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು. ನಮ್ಮ ಅತ್ತಿಗೆಗೆ ಮಾಡಿಸಿಕೊಟ್ಟಾಗ ಸಣ್ಣ ಉದ್ಯೋಗದವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅರ್ಜಿಯನ್ನು ಅವರ ಜಾಲತಾಣದಲ್ಲಿಯೇ ತುಂಬಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಇದಕ್ಕೆ ಎರಡು ಸಾವಿರ, ಮೂರು ಸಾವಿರ ಕೇಳುವ ದಲ್ಲಾಳಿಗಳಿದ್ದಾರೆ, ಅವರಿಗೆ ಕೊಡುವ ಅಗತ್ಯವಿಲ್ಲ.

ಎರಡನೆಯದು ಗ್ಯಾಸಿನ ವಿಷಯ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವಂತಿಲ್ಲ, ಅದಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಇದೆ. ವಾರಕ್ಕೊಮ್ಮೆ ಎರಡು ಕಿಲೋ ಪುಡಿ ಹುರಿಯುವವರ ಮನೆಗೆ ಯಾರೂ ಬಂದು ನೋಡುವುದಿಲ್ಲ ಎಂಬುದು ನಿಜವಾದರೂ, ದಿನಕ್ಕೆ ಇಪ್ಪತ್ತು ಡಬ್ಬಿ ಊಟ ಕಳಿಸುವ ಆಲೋಚನೆ ಇದ್ದರೆ ವಾಣಿಜ್ಯ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಆಗ ಒಂದು ಡಬ್ಬಿಯ ಲಾಭ ಎಷ್ಟು ತೆಳುವಾಗುತ್ತದೆ ಎಂಬುದು ಕಾಣುತ್ತದೆ.

ಘಾಟ್ಕೋಪರಿನ ಸೊಸೆ

ಡಬ್ಬಿ ಊಟ ಬೇಡವೇ ಬೇಡ ಅಕ್ಕ. ಅದಕ್ಕೆ ರಜೆಯೇ ಇಲ್ಲ. ಮಗುವಿಗೆ ಜ್ವರ ಬಂದರೂ, ಊರಿಂದ ಅತ್ತೆ ಬಂದರೂ ಒಂಬತ್ತು ಗಂಟೆಗೆ ಡಬ್ಬಿ ಸಿದ್ಧವಿರಲೇಬೇಕು.

ಪುಣೆಯ ಜೋಳದರೊಟ್ಟಿ

ನಾನು ಪುಣೆಯ ಕೋಥರೂಡಿನಲ್ಲಿದ್ದೇನೆ, ಮೂಲ ವಿಜಯಪುರ. ಇಲ್ಲಿ ಉತ್ತರ ಕರ್ನಾಟಕದ ಹುಡುಗರು ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಹಳ ಜನರಿದ್ದಾರೆ, ಮರಾಠಿಗರೂ ಭಾಕರಿ, ಅಂದರೆ ರೊಟ್ಟಿ ತಿನ್ನುವವರೇ, ಆದ್ದರಿಂದ ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿಗೆ ವರ್ಷವಿಡೀ ಗಿರಾಕಿಗಳಿದ್ದಾರೆ. ಬಿಸಿ ರೊಟ್ಟಿ ಮಾರುವುದಕ್ಕೂ ಕಟಕ ರೊಟ್ಟಿ ಮಾರುವುದಕ್ಕೂ ಬಹಳ ಅಂತರವಿದೆ. ಬಿಸಿ ರೊಟ್ಟಿಯನ್ನು ಅಂದೇ ಮಾರಬೇಕು, ಉಳಿದರೆ ನಾವೇ ತಿನ್ನಬೇಕು. ಕಟಕ ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದಂತೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ನಮಗೆ ಬಿಡುವಿದ್ದಾಗ ಬಡಿದು ಗಿರಾಕಿ ಬಂದಾಗ ಮಾರಬಹುದು. ಮಳೆಗಾಲದಲ್ಲಿ ಮಾತ್ರ ತೇವದಿಂದ ಮೆತ್ತಗಾಗುತ್ತದೆ, ಆಗ ನಾನು ಕೆಲಸ ಕಡಿಮೆ ಮಾಡುತ್ತೇನೆ.

ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಅದಕ್ಕಾಗಿ ಮಾಲದಂಡಿ ಜೋಳವನ್ನು ಮಾರ್ಕೆಟ್ ಯಾರ್ಡಿನಿಂದ ತಂದು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತೇನೆ. ಈ ಶ್ರಮ ತೆಗೆದುಕೊಳ್ಳದೆ ಅಂಗಡಿಯ ಹಿಟ್ಟು ತಂದು ಮಾಡಿದವರ ರೊಟ್ಟಿಯನ್ನು ಒಮ್ಮೆ ಕೊಂಡವರು ಎರಡನೆಯ ಸಲ ಕೊಳ್ಳುವುದಿಲ್ಲ.

ಅಂಧೇರಿಯ ಹುಡುಗ

ಇಷ್ಟೆಲ್ಲ ಕಷ್ಟ ಏಕೆ? ಮೊಬೈಲಿನಲ್ಲಿಯೇ ವೀಡಿಯೋಗಳಿಗೆ ಮೆಚ್ಚುಗೆ ಒತ್ತಿದರೆ, ಹೋಟೆಲುಗಳಿಗೆ ಐದು ನಕ್ಷತ್ರ ಕೊಟ್ಟರೆ ಹಣ ಕೊಡುವವರಿದ್ದಾರೆ. ನನ್ನ ಗೆಳೆಯನಿಗೆ ಮೊದಲ ದಿನವೇ 150 ರೂಪಾಯಿ ಬಂದಿದೆ.

ನಿವೃತ್ತ ಗುಮಾಸ್ತ

ತಮ್ಮಾ, ನಿನ್ನ ಗೆಳೆಯನಿಗೆ ಈಗಲೇ ಫೋನು ಮಾಡಿ ನಿಲ್ಲಿಸಲು ಹೇಳು. ಮೊದಲು 150 ರೂಪಾಯಿ ಕೊಟ್ಟು ನಂಬಿಸುತ್ತಾರೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ದೊಡ್ಡ ಕೆಲಸಕ್ಕೆ ಮೊದಲು ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ಬರುತ್ತದೆ ಎನ್ನುತ್ತಾರೆ, ಅದನ್ನೂ ಒಂದೆರಡು ಸಲ ಕೊಟ್ಟೇ ಕೊಡುತ್ತಾರೆ. ನಂತರ ಹತ್ತು ಸಾವಿರ, ಐವತ್ತು ಸಾವಿರ ಕಟ್ಟಿಸಿಕೊಂಡು, ಪರದೆಯ ಮೇಲೆ ದೊಡ್ಡ ಮೊತ್ತವನ್ನು ತೋರಿಸಿ, ಅದನ್ನು ತೆಗೆಯಬೇಕಾದರೆ ತೆರಿಗೆ ಕಟ್ಟಬೇಕೆಂದು ಇನ್ನಷ್ಟು ಕೇಳುತ್ತಾರೆ. ಆ ಗುಂಪಿನಲ್ಲಿ "ನನಗೆ ಬಂತು, ನನಗೆ ಬಂತು" ಎಂದು ಬರೆಯುವವರೆಲ್ಲ ಅವರದೇ ಜನ.

ಹಣ ಕಟ್ಟಿಯಾಗಿದ್ದರೆ ನಾಚಿಕೊಂಡು ಕುಳಿತಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿ ಹೋಗುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕೆಲಸ ಕೊಡುವವನು ನಮಗೆ ಹಣ ಕೊಡಬೇಕು. ಅವನೇ ನಮ್ಮಿಂದ ಕೇಳಿದರೆ ಅಲ್ಲಿಗೆ ಮಾತು ಮುಗಿಸಬೇಕು. ಪೆನ್ಸಿಲ್ ಪ್ಯಾಕಿಂಗ್, ಡೇಟಾ ಎಂಟ್ರಿ ಎಂದು ನೋಂದಣಿ ಶುಲ್ಕ ಕೇಳುವವರಿಗೂ ಇದೇ ಮಾತು. ಡೇಟಾ ಎಂಟ್ರಿಯವರಂತೂ ತಪ್ಪು ಹೆಚ್ಚಾಯಿತೆಂದು ವಕೀಲರ ಹೆಸರಿನಲ್ಲಿ ನೋಟೀಸು ಕಳಿಸಿ ಹೆದರಿಸಿ ಹಣ ಕೀಳುತ್ತಾರೆ.

ಅಂಧೇರಿಯ ಹುಡುಗ

ಅವನು ಈಗಾಗಲೇ ಎರಡು ಸಾವಿರ ಕಟ್ಟಿದ್ದಾನಂತೆ. ನಂಬರ್ ಕೊಟ್ಟಿದ್ದೇನೆ, ಕರೆ ಮಾಡುತ್ತಿದ್ದಾನೆ.

ಮಾಟುಂಗಾದ ಮಾವ

ಮನೆಗೆಲಸ ಎಂದಾಗ ಮುಂಬೈಯವರು ಲಿಜ್ಜತ್ ಹಪ್ಪಳವನ್ನು ಮರೆಯಬಾರದು. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಆರಂಭಿಸಿದ ಕೆಲಸ ಅದು. ಅಲ್ಲಿನ ಕ್ರಮವನ್ನು ಗಮನಿಸಿ. ಬೆಳಿಗ್ಗೆ ಕೇಂದ್ರದಿಂದ ಕಲಸಿದ ಹಿಟ್ಟು ತರಬೇಕು, ಮನೆಯಲ್ಲಿ ಲಟ್ಟಿಸಿ ಒಣಗಿಸಬೇಕು, ಮರುದಿನ ಒಪ್ಪಿಸಿ ಮಜೂರಿ ಪಡೆಯಬೇಕು. ಸಾಮಾನು ತರುವ ಚಿಂತೆಯಾಗಲಿ, ಮಾರುವ ಚಿಂತೆಯಾಗಲಿ, ಉದ್ರಿ ವಸೂಲು ಮಾಡುವ ಚಿಂತೆಯಾಗಲಿ ಲಟ್ಟಿಸುವವಳ ತಲೆಯ ಮೇಲಿಲ್ಲ. ದುಡಿಯುವವರೇ ಸಂಸ್ಥೆಯ ಒಡತಿಯರು, ಲಾಭದಲ್ಲಿ ಅವರಿಗೆ ಪಾಲೂ ಇದೆ. ಒಬ್ಬೊಬ್ಬರೇ ಪುಡಿ ಕುಟ್ಟಿ ಮಾರಲು ಹೊರಟರೆ ಏಕೆ ದಣಿಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ: ಮಾಡುವುದು, ಮಾರುವುದು, ವಸೂಲು ಮಾಡುವುದು ಮೂರು ಬೇರೆ ಬೇರೆ ಕೆಲಸಗಳು, ಮೂರಕ್ಕೂ ಒಬ್ಬಳೇ.

ಪುಣೆಯ ಜೋಳದರೊಟ್ಟಿ

ಮಾವನವರ ಮಾತು ನೂರಕ್ಕೆ ನೂರು ನಿಜ. ನಮ್ಮ ವಸತಿ ಸೊಸೈಟಿಯಲ್ಲಿ ನಾವು ಮೂವರಿದ್ದೇವೆ. ಇಬ್ಬರು ಬಡಿಯುತ್ತೇವೆ, ಒಬ್ಬಾಕೆ ಆರ್ಡರ್ ಮತ್ತು ಹಣದ ವ್ಯವಹಾರ ನೋಡುತ್ತಾಳೆ. ಆಕೆಗೆ ರೊಟ್ಟಿ ಬಡಿಯಲು ಬರುವುದೇ ಇಲ್ಲ, ಆದರೆ ಆಕೆ ಇಲ್ಲದಿದ್ದರೆ ನಾವಿಬ್ಬರೂ ಎಂದೋ ಕೈಬಿಡುತ್ತಿದ್ದೆವು.

ಕಾಂದಿವಲಿಯ ಟೀಚರ್

ಬಿ.ಎ. ಕನ್ನಡ ಓದಿದವರು ಹಪ್ಪಳ, ರೊಟ್ಟಿ ಎಂದು ಏಕೆ ಹೋಗಬೇಕು? ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡುತ್ತಾರೆ, ಆದರೆ ಅಜ್ಜಿ ಕಳಿಸಿದ ಎರಡು ಸಾಲನ್ನು ಓದಲಾರರು. ಅಂಥ ಮಕ್ಕಳಿಗೆ ಶನಿವಾರ, ಭಾನುವಾರ ಅಂತರ್ಜಾಲದ ಮೂಲಕ ನಾನು ಓದು ಬರಹ ಕಲಿಸುತ್ತೇನೆ. ಒಂದು ಮಗುವಿಗೆ ತಿಂಗಳಿಗೆ 600 ರೂಪಾಯಿ. ಎಂಟು ಮಕ್ಕಳಾದರೆ ನೀವು ಕೇಳಿದ ಮೊತ್ತ ಆಯಿತು. ಬಂಡವಾಳವಿಲ್ಲ, ಗ್ಯಾಸ್ ಇಲ್ಲ, ಸೊಸೈಟಿಯವರ ತಕರಾರೂ ಇಲ್ಲ.

ಮಾಟುಂಗಾದ ಮಾವ

ತಾಯ್ನುಡಿ ಕಲಿಸಲು ಶುಲ್ಕವೇ? ಈ ಊರಿನಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಎಸ್‌.ಎಸ್‌.ಸಿ. ಪಾಸಾದರು. ಅವರಿಗೆ ಕಲಿಸಿದವರು ಹಣದ ಮುಖ ನೋಡಿದವರಲ್ಲ. ಇಂದಿಗೂ ಎಷ್ಟೋ ಸಂಘಗಳು ಉಚಿತವಾಗಿ ಕನ್ನಡ ಕಲಿಸುತ್ತವೆ.

ಕಾಂದಿವಲಿಯ ಟೀಚರ್

ಮಾವನವರೇ, ಆ ಶಿಕ್ಷಕರ ಬಗ್ಗೆ ನನಗೂ ಗೌರವವಿದೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಹಗಲು ಬೇರೆ ಉದ್ಯೋಗವಿತ್ತು, ಆ ಸಂಬಳದಿಂದ ಮನೆ ನಡೆಯುತ್ತಿತ್ತು. ಮಕ್ಕಳ ಚಿತ್ರಕಲೆಗೆ, ಕರಾಟೆಗೆ, ಅಬ್ಯಾಕಸ್ಸಿಗೆ ಸಾವಿರಗಟ್ಟಲೆ ಕೊಡುವ ತಂದೆತಾಯಿಗಳು ಕನ್ನಡ ಎಂದ ಕೂಡಲೇ ಸೇವೆಯ ಮಾತು ತೆಗೆಯುತ್ತಾರೆ. ಉಚಿತ ತರಗತಿಯಲ್ಲಿ ಮೊದಲ ವಾರ ಇಪ್ಪತ್ತು ಮಕ್ಕಳಿದ್ದರೆ ನಾಲ್ಕನೆಯ ವಾರಕ್ಕೆ ಐದು ಮಕ್ಕಳು ಉಳಿಯುವುದನ್ನು ನಾನು ಕಂಡಿದ್ದೇನೆ. ಹಣ ಕೊಟ್ಟವರು ಮಗುವನ್ನು ತಪ್ಪದೆ ಕೂರಿಸುತ್ತಾರೆ.

ಘಾಟ್ಕೋಪರಿನ ಸೊಸೆ

ಟೀಚರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಎಂಟು ಮಕ್ಕಳು ಸಿಗುವುದು ಅಷ್ಟು ಸುಲಭವಲ್ಲ. ಪರೀಕ್ಷೆಯ ತಿಂಗಳು ಬಂದರೆ ಎಲ್ಲರೂ ಮೊದಲು ನಿಲ್ಲಿಸುವುದು ಕನ್ನಡವನ್ನೇ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ. ವರ್ಷಕ್ಕೆ ಎಂಟು ಅಥವಾ ಒಂಬತ್ತು ತಿಂಗಳ ಆದಾಯವೆಂದು ಹಿಡಿಯುವುದು ಒಳ್ಳೆಯದು.

ವಾಸ್ಕೋದ ಅಣ್ಣ

ಗೋವಾದಿಂದ ಒಂದು ಮಾತು. ಇಲ್ಲಿ ಹೆಚ್ಚುವರಿ ಕೋಣೆ ಇರುವವರೆಲ್ಲ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಸಂಪಾದಿಸುತ್ತಾರೆ. ಆದರೆ ಒಂದೇ ಕೋಣೆಯಾದರೂ 1982ರ ಗೋವಾ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯ ಪ್ರಕಾರ ಪ್ರವಾಸೋದ್ಯಮ ಇಲಾಖೆಯಲ್ಲಿ ಹೆಸರು ದಾಖಲಿಸಬೇಕು. ಪರದೇಶದವರು ಬಂದು ತಂಗಿದರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಕೊಡಬೇಕು. ಇದನ್ನೆಲ್ಲ ಮಾಡದೆ ಪಕ್ಕದ ಮನೆಯವರನ್ನು ನೋಡಿ ಕೋಣೆ ಕೊಟ್ಟು ತೊಂದರೆಗೆ ಸಿಕ್ಕವರಿದ್ದಾರೆ. ಠಾಕುರ್ಲಿಯ ಅಕ್ಕನಿಗೆ ಇದು ಉಪಯೋಗವಿಲ್ಲ, ಗೋವಾದಲ್ಲಿರುವ ಓದುಗರಿಗಾಗಿ ಬರೆದೆ.

ಐರೋಲಿಯ ಲೆಕ್ಕಿಗ

ಸಂಪಾದನೆಯ ಮಾತು ಇಷ್ಟಾಯಿತು, ಖರ್ಚಿನ ಕಡೆಗೂ ನೋಡೋಣ. ಚಹಾ ಬಿಡಿ ಎನ್ನುವುದಿಲ್ಲ, ಫ್ಯಾನ್ ಬದಲಿಸಿ ಎನ್ನುತ್ತೇನೆ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಪೂರ್ತಿ ವೇಗದಲ್ಲಿಯೂ 30 ವ್ಯಾಟಿನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 16 ಗಂಟೆ ತಿರುಗುವ ಫ್ಯಾನಿನಲ್ಲಿ ತಿಂಗಳಿಗೆ ಸುಮಾರು 21 ಯೂನಿಟ್ ಉಳಿಯುತ್ತದೆ. ಮುಂಬೈಯ ಸೆಖೆಯಲ್ಲಿ ಫ್ಯಾನ್ ವರ್ಷದ ಬಹುಭಾಗ ತಿರುಗುತ್ತಲೇ ಇರುವುದರಿಂದ ಅದಕ್ಕೆ ಕೊಟ್ಟ ಬೆಲೆ ಹೆಚ್ಚು ತಡವಿಲ್ಲದೆ ಮರಳಿ ಬರುತ್ತದೆ. ಇಡೀ ದಿನ ತಿರುಗುವ ಫ್ಯಾನನ್ನು ಮಾತ್ರ ಬದಲಿಸಿ. ಅಡುಗೆಮನೆಯಲ್ಲಿ ಅರ್ಧ ಗಂಟೆ ತಿರುಗುವ ಫ್ಯಾನನ್ನು ಬದಲಿಸಿದರೆ ಲಾಭವಿಲ್ಲ. ಬಾಡಿಗೆ ಮನೆಯಾದರೆ ಹಳೆಯದನ್ನು ತೆಗೆದಿಟ್ಟು, ಮನೆ ಬಿಡುವಾಗ ಮತ್ತೆ ಹಾಕಿ, ನಿಮ್ಮದನ್ನು ಒಯ್ಯಬಹುದು.

ಘಾಟ್ಕೋಪರಿನ ಸೊಸೆ

ನೂರು ಯೂನಿಟ್ ದಾಟಿದರೆ ಇಡೀ ಬಿಲ್ಲಿಗೇ ಹೆಚ್ಚಿನ ದರ ಹಾಕುತ್ತಾರಂತೆ, ಆದ್ದರಿಂದ 99ಕ್ಕೆ ನಿಲ್ಲಿಸಬೇಕೆಂದು ನಮ್ಮ ಮಾವನವರು ತಿಂಗಳ ಕೊನೆಯಲ್ಲಿ ಫ್ಯಾನ್ ಆರಿಸುತ್ತಾ ಓಡಾಡುತ್ತಾರೆ.

ಐರೋಲಿಯ ಲೆಕ್ಕಿಗ

ಹಾಗಿಲ್ಲ. ಮೊದಲ 100 ಯೂನಿಟ್‌ಗೆ ಒಂದು ದರ, 101ರಿಂದ 300ರವರೆಗಿನ ಯೂನಿಟ್‌ಗಳಿಗಷ್ಟೇ ಅದರ ಮೇಲಿನ ದರ. ನೂರಾ ಒಂದನೆಯ ಯೂನಿಟ್ ಬಳಸಿದರೆ ಆ ಒಂದು ಯೂನಿಟ್ ಮಾತ್ರ ದುಬಾರಿಯಾಗುತ್ತದೆ. ನಿಮ್ಮ ಮಾವನವರಿಗೆ ನೆಮ್ಮದಿಯಿಂದ ನಿದ್ದೆ ಮಾಡಲು ಹೇಳಿ. ಆದರೆ ಮೇಲಿನ ಹಂತದ ದರ ಕೆಳಗಿನದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ, ಉಳಿಸಿದ ಪ್ರತಿ ಯೂನಿಟ್ ಆ ದುಬಾರಿ ಭಾಗದಿಂದಲೇ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಿ.

ಅಂಧೇರಿಯ ಹುಡುಗ

ರೈಲು ಪಾಸಿನಲ್ಲಿಯೂ ಉಳಿಸಬಹುದು. ಒಂದೇ ಸಲ ವರ್ಷದ ಪಾಸು ಮಾಡಿಸಿದರೆ ಬಹಳ ಅಗ್ಗವಾಗುತ್ತದೆ.

ನಿವೃತ್ತ ಗುಮಾಸ್ತ

ಬಹಳ ಎಂದರೆ ಎಷ್ಟು ಎಂದು ಲೆಕ್ಕ ಹಾಕು ತಮ್ಮಾ. ಮೂರು ತಿಂಗಳ ಪಾಸಿನ ಬೆಲೆ ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳದ್ದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಮೂರರಲ್ಲಿಯೂ ರಿಯಾಯಿತಿ ಶೇಕಡಾ 10 ಮಾತ್ರ. ತಿಂಗಳ ಪಾಸಿನಿಂದ ಮೂರು ತಿಂಗಳ ಪಾಸಿಗೆ ಹೋದರೆ ಸಿಗಬೇಕಾದ ಲಾಭವೆಲ್ಲ ಸಿಕ್ಕಿಬಿಡುತ್ತದೆ. ವರ್ಷದ ಹಣವನ್ನು ಒಮ್ಮೆಲೇ ಕಟ್ಟಿದರೆ ಮಧ್ಯದಲ್ಲಿ ದರ ಏರಿದಾಗ ಬಚಾವಾಗಬಹುದು, ಅಷ್ಟೇ. ಕೆಲಸ ಬದಲಾಗುವ ಸಂಭವವಿರುವವರು ಮೂರು ತಿಂಗಳದ್ದನ್ನೇ ಮಾಡಿಸಲಿ.

ಮುಲುಂಡಿನ ಸಾರಿನಪುಡಿ

ನಮ್ಮದು 480 ಚದರಡಿಯ ಸ್ವಂತ ಮನೆ, 2022ರಿಂದ ಆಸ್ತಿ ತೆರಿಗೆಯೇ ಇಲ್ಲದಂತಾಗಿದೆ. 500 ಚದರಡಿಯೊಳಗಿನ ಮನೆಯಿರುವವರು ಬಿಲ್ಲನ್ನು ಪರಿಶೀಲಿಸಿಕೊಳ್ಳಿ.

ಐರೋಲಿಯ ಲೆಕ್ಕಿಗ

ಆ ಮಾಫಿ ಮುಂಬೈ ಮಹಾನಗರಪಾಲಿಕೆಯ ಹದ್ದಿನೊಳಗಿನ ವಾಸದ ಮನೆಗಳಿಗೆ ಬಂದದ್ದು. ಡೊಂಬಿವಲಿ, ಠಾಕುರ್ಲಿಗಳು ಕಲ್ಯಾಣ-ಡೊಂಬಿವಲಿ ಪಾಲಿಕೆಯವು, ಅವಕ್ಕೆ ಇದನ್ನು ಹಿಡಿಯಬೇಡಿ. ಪುಣೆಯವರಿಗೆ ಬೇರೆ ಸವಲತ್ತಿದೆ: ಮಾಲೀಕರೇ ವಾಸಿಸುವ ಮನೆಗೆ ಶೇಕಡಾ 40ರ ರಿಯಾಯಿತಿಯನ್ನು 2023ರಲ್ಲಿ ಮತ್ತೆ ಕೊಟ್ಟಿದ್ದಾರೆ. ಬಿಲ್ಲಿನಲ್ಲಿ ಅದು ಕಾಣದಿದ್ದರೆ ಪಿಟಿ-3 ನಮೂನೆಯನ್ನು ತುಂಬಿ ಕೊಡಬೇಕು.

ಮಾಟುಂಗಾದ ಮಾವ

ವಯಸ್ಸಾದವರಿರುವ ಮನೆಗಳಲ್ಲಿ ಔಷಧಿಯ ಖರ್ಚೇ ದೊಡ್ಡದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ನಾನು ಜನೌಷಧಿ ಕೇಂದ್ರದಿಂದ ತರುತ್ತೇನೆ. ಅಲ್ಲಿನ ಬೆಲೆ ಕಂಪನಿಯ ಹೆಸರಿನ ಮಾತ್ರೆಗಳ ಅರ್ಧಕ್ಕಿಂತ ಕಡಿಮೆ. ವೈದ್ಯರಿಂದ ಔಷಧದ ಮೂಲ ಹೆಸರನ್ನೂ ಪ್ರಮಾಣವನ್ನೂ ಸ್ಪಷ್ಟವಾಗಿ ಬರೆಸಿಕೊಂಡು ಹೋಗಬೇಕು. ಎಲ್ಲ ಮಾತ್ರೆಗಳೂ ಎಲ್ಲ ಕಾಲದಲ್ಲಿಯೂ ಸಿಗುವುದಿಲ್ಲವಾದ್ದರಿಂದ ಮುಗಿಯುವ ವಾರದ ಮೊದಲೇ ಹೋಗಬೇಕು. ಇನ್ನೊಂದು ವಿಷಯ: ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಕಂತು ಕಟ್ಟುವ ಮೊದಲು ಅದನ್ನು ನೋಡಿಕೊಳ್ಳಿ.

ಘಾಟ್ಕೋಪರಿನ ಸೊಸೆ

ನಮ್ಮ ಕಟ್ಟಡದ ಹತ್ತು ಮನೆಯವರು ಭಿಶಿ, ಅಂದರೆ ಕೈಚೀಟಿ ನಡೆಸುತ್ತೇವೆ, ತಿಂಗಳಿಗೆ ಎರಡು ಸಾವಿರ. ಚೀಟಿ ಎತ್ತಿದವರಿಗೆ ಇಪ್ಪತ್ತು ಸಾವಿರ ಒಟ್ಟಿಗೆ ಸಿಗುತ್ತದೆ. ಅಕ್ಕನಿಗೆ ಬಂಡವಾಳ ಬೇಕಾದರೆ ಇದು ಸಾಲಕ್ಕಿಂತ ಒಳ್ಳೆಯದು.

ನಿವೃತ್ತ ಗುಮಾಸ್ತ

ಮೊದಲು ಚೀಟಿ ಬಂದವರಿಗೆ ಒಳ್ಳೆಯದು, ಕೊನೆಯಲ್ಲಿ ಬಂದವರು ಬಡ್ಡಿಯಿಲ್ಲದೆ ಹಣ ಇಟ್ಟಂತಾಯಿತು. ಮೊದಲು ಎತ್ತಿಕೊಂಡವರು ಮನೆ ಖಾಲಿ ಮಾಡಿ ಹೋದರೆ ಯಾರನ್ನು ಕೇಳುತ್ತೀರಿ? ಅಂಚೆ ಕಚೇರಿಯ ಆವರ್ತ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು.

ಘಾಟ್ಕೋಪರಿನ ಸೊಸೆ

ಅಂಚೆ ಕಚೇರಿ ಐದು ವರ್ಷ ಕಾಯಿಸುತ್ತದೆ ರಾಯರೇ. ಅಲ್ಲಿ ಕಂತು ತಪ್ಪಿದರೆ ಯಾರೂ ಬಾಗಿಲು ಬಡಿಯುವುದಿಲ್ಲ. ಭಿಶಿಯ ಕಂತನ್ನು ತಪ್ಪಿಸಿದರೆ ಲಿಫ್ಟಿನಲ್ಲಿ ಮುಖ ತೋರಿಸಲಾಗುವುದಿಲ್ಲ, ಆ ಹೆದರಿಕೆಯಿಂದಲೇ ನಮ್ಮಲ್ಲಿ ಹಣ ಉಳಿಯುತ್ತಿದೆ. ಹತ್ತು ಮನೆಗಿಂತ ಹೆಚ್ಚು ಸೇರಿಸುವುದಿಲ್ಲ, ಬಾಡಿಗೆಯವರಿಗೆ ಚೀಟಿಯನ್ನು ಕೊನೆಯ ತಿಂಗಳುಗಳಲ್ಲಿ ಕೊಡುತ್ತೇವೆ.

ಠಾಕುರ್ಲಿಯ ಗೃಹಿಣಿ

ಬಾಡಿಗೆಯವರಿಗೆ ಕೊನೆಯಲ್ಲಿಯೇ ಕೊಡುವುದಾದರೆ ನನ್ನ ಬಂಡವಾಳಕ್ಕೆ ಭಿಶಿ ಉಪಯೋಗಕ್ಕೆ ಬಾರದು! ಎಲ್ಲರೂ ಇಷ್ಟು ಬರೆದದ್ದಕ್ಕೆ ವಂದನೆಗಳು. ನಿನ್ನೆ ಯಜಮಾನರೊಂದಿಗೆ ಕುಳಿತು ಎಲ್ಲವನ್ನೂ ಓದಿದೆ. ಅಡುಗೆಯ ಕೆಲಸ ಸದ್ಯಕ್ಕೆ ಬೇಡವೆನಿಸುತ್ತಿದೆ, ಮಾರುವುದೂ ವಸೂಲು ಮಾಡುವುದೂ ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಕನ್ನಡ ಪಾಠಕ್ಕೆ ಮೂವರು ಮಕ್ಕಳು ಸಿಕ್ಕರೂ ಆರಂಭಿಸುತ್ತೇನೆ. ಉಳಿದ ವೇಳೆಗೆ ಹೊಲಿಗೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ?

ಕಲ್ಯಾಣದ ಫಾಲ್-ಪಿಕೊ

ನಾನು ಈವರೆಗೆ ಓದುತ್ತಾ ಸುಮ್ಮನಿದ್ದೆ, ಈಗ ನನ್ನ ಸರದಿ. ಬ್ಲೌಸ್ ಹೊಲಿಯಲು ಹೋಗಬೇಡಿ ತಂಗಿ. ಅಳತೆ ಎಳ್ಳಷ್ಟು ತಪ್ಪಿದರೂ ಗಿರಾಕಿಯ ಬಟ್ಟೆ ಹಾಳಾಗಿ, ಹಣ ನಾವೇ ಕೊಡಬೇಕಾಗುತ್ತದೆ. ಸೀರೆಯ ಕೆಳ ಅಂಚಿನ ಒಳಬದಿಗೆ ಫಾಲ್ ಪಟ್ಟಿ ಹಚ್ಚುವ ಕೆಲಸ ಹಿಡಿಯಿರಿ. ಸೀರೆ ಅಂಗಡಿಯವರು ಈ ಕೆಲಸವನ್ನು ಮನೆಗಳಿಗೆ ಕೊಡುತ್ತಾರೆ. ಮೇಲೆ ಮಾಟುಂಗಾದ ಮಾವನವರು ಹಪ್ಪಳದ ಬಗ್ಗೆ ಹೇಳಿದಂತೆ, ಗಿರಾಕಿಯನ್ನು ಹುಡುಕುವ ಕೆಲಸ ಅಂಗಡಿಯವರದು, ಹೊಲಿಯುವುದಷ್ಟೇ ನಮ್ಮದು. ಅಂಗಡಿಯಿಂದ ಬಂದ ಸೀರೆಗೆ ಮಜೂರಿ ಕಡಿಮೆ. ನೆರೆಹೊರೆಯವರು ನೇರವಾಗಿ ತಂದುಕೊಟ್ಟರೆ ನಾನು ಫಾಲ್ ಮತ್ತು ಪಿಕೊ (ಅಂಚಿನ ಎಳೆ ಬಿಚ್ಚದಂತೆ ಹಾಕುವ ಮಷಿನ್ ಹೊಲಿಗೆ) ಸೇರಿ 120 ರೂಪಾಯಿ ತೆಗೆದುಕೊಳ್ಳುತ್ತೇನೆ. ಗಣಪತಿಯಿಂದ ದೀಪಾವಳಿಯವರೆಗೆ, ಆಮೇಲೆ ಮದುವೆಯ ದಿನಗಳಲ್ಲಿ ಕೈತುಂಬ ಕೆಲಸ. ಆಷಾಢದಲ್ಲಿ ಕಡಿಮೆ.

ಠಾಕುರ್ಲಿಯ ಗೃಹಿಣಿ

ಅಕ್ಕ, ಇದೇ ನನಗೆ ಬೇಕಾಗಿತ್ತು. ಪಿಕೊ ಮಷಿನ್ ಕೊಳ್ಳಲೇಬೇಕೇ? ಅದರ ಬೆಲೆ ಕೇಳಿದರೆ ನನ್ನ ಹತ್ತು ಸಾವಿರ ಅಲ್ಲಿಗೇ ಮುಗಿಯುತ್ತದೆ.

ಕಲ್ಯಾಣದ ಫಾಲ್-ಪಿಕೊ

ಮೊದಲೇ ಬೇಡ. ಪಿಕೊ ಮಾಡುವ ಅಂಗಡಿಗಳು ನಿಮ್ಮ ಸ್ಟೇಷನ್ ಬಳಿಯಲ್ಲಿಯೇ ಇರುತ್ತವೆ, ಐದಾರು ಸೀರೆಗಳನ್ನು ಒಟ್ಟಿಗೆ ಒಯ್ದು ಮಾಡಿಸಿಕೊಂಡು ಬನ್ನಿ. ಅವರಿಗೆ ಕೊಟ್ಟ ಹಣ ಕಳೆದರೂ ಫಾಲಿನ ಮಜೂರಿ ನಿಮಗೆ ಉಳಿಯುತ್ತದೆ. ತಿಂಗಳಿಗೆ ನಲವತ್ತು ಸೀರೆಗಳು ತಪ್ಪದೆ ಬರತೊಡಗಿದ ಮೇಲೆ ಮಷಿನ್ ಬಗ್ಗೆ ಯೋಚಿಸಿ, ಆಗಲೂ ಹಳೆಯದನ್ನೇ ನೋಡಿ.

ಕೆಲಸದಲ್ಲಿ ಎರಡು ಎಚ್ಚರಿಕೆಗಳಿರಲಿ. ಫಾಲಿನ ಬಟ್ಟೆ ಹತ್ತಿಯದಾದರೆ ಅದನ್ನು ಹಚ್ಚುವ ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹಾಗೆ ಮಾಡದೆ ಹಚ್ಚಿದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಸೀರೆಯ ಅಂಚು ಸುರುಟಿಕೊಳ್ಳುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ. ಕೆಳಗಿನ ಅಂಚನ್ನು ಮಷಿನ್ನಿನಲ್ಲಿ ಹೊಲಿದರೂ ಮೇಲಿನ ಅಂಚನ್ನು ಕೈಯಿಂದಲೇ ಹೊಲಿಯಿರಿ, ಹೊಲಿಗೆಯ ಟಾಕಿ ಮುಂಬದಿಗೆ ಕಾಣಬಾರದು. ರೇಷ್ಮೆ ಸೀರೆಗೆ ಎರಡು ಅಂಚೂ ಕೈಹೊಲಿಗೆಯೇ, ಅದಕ್ಕೆ ಮಜೂರಿಯನ್ನು ಹೆಚ್ಚು ಕೇಳಿ, ಕೊಡುತ್ತಾರೆ. ಸೀರೆ ಕೈಗೆ ಬಂದ ಕೂಡಲೇ ಬಿಡಿಸಿ, ಕಲೆ, ಹರಕು ಇದ್ದರೆ ಕೊಟ್ಟವರ ಎದುರೇ ತೋರಿಸಿ ವಹಿಯಲ್ಲಿ ಬರೆದಿಟ್ಟುಕೊಳ್ಳಿ.

ಮುಲುಂಡಿನ ಸಾರಿನಪುಡಿ

ಹಣವನ್ನು ಸೀರೆ ಕೊಡುವಾಗಲೇ ತೆಗೆದುಕೊಳ್ಳುತ್ತೀರೋ, ಆಮೇಲೋ?

ಕಲ್ಯಾಣದ ಫಾಲ್-ಪಿಕೊ

ನೆರೆಯವರಾದರೆ ಸೀರೆ ಮರಳಿ ಕೊಡುವಾಗಲೇ. ಅವರ ಸೀರೆ ನನ್ನ ಮನೆಯಲ್ಲಿರುವಾಗ ಹಣದ ಚಿಂತೆ ನನಗೇಕೆ? ಅಂಗಡಿಯವರು ಹದಿನೈದು ದಿನಕ್ಕೊಮ್ಮೆ ಲೆಕ್ಕ ಮಾಡುತ್ತಾರೆ, ಆದ್ದರಿಂದ ಹೊಸ ಅಂಗಡಿಯಾದರೆ ಹಿಂದಿನ ಲೆಕ್ಕ ಚುಕ್ತಾ ಆಗುವವರೆಗೆ ಮುಂದಿನ ಗಂಟನ್ನು ತರುವುದಿಲ್ಲ. ಠಾಕುರ್ಲಿಯ ತಂಗಿ, ನೀವು ಒಂದು ಹಳೆಯ ಸೀರೆಗೆ ಫಾಲ್ ಹಚ್ಚಿ ಫೋಟೋ ಕಳಿಸಿ. ಟಾಕಿ ಸರಿಯಾಗಿದ್ದರೆ ನನ್ನ ಬಳಿ ಹೆಚ್ಚಾದ ಕೆಲಸವನ್ನು ಶ್ರಾವಣದಿಂದಲೇ ನಿಮಗೆ ಕಳಿಸುತ್ತೇನೆ.